ಸದ್ದಿಲ್ಲದೆ ಮುಳುಗುವ ಮಗು

ಬೆಳಿಗ್ಗೆ ಹನ್ನೊಂದು ಗಂಟೆ. ದೊಡ್ಡ ಮಕ್ಕಳು ಶಾಲೆಗೆ ಹೋಗಿಯಾಗಿದೆ. ನೀವು ಅಡುಗೆಮನೆಯಲ್ಲಿದ್ದೀರಿ. ಎರಡು ವರ್ಷದ ಮಗು ಈಗ ತಾನೇ ಅಂಗಳದಲ್ಲಿ ಆಡುತ್ತಿತ್ತು. ಈಗ ಎಲ್ಲಿದೆ?

ಹೆದರಿಸಲು ಕೇಳಿದ್ದಲ್ಲ. ಕಾಯಿಲೆಗಳಿಗೆ ಹೆದರಿ ನಾವು ಚುಚ್ಚುಮದ್ದು ಹಾಕಿಸುತ್ತೇವೆ, ರಾತ್ರೋರಾತ್ರಿ ಡಾಕ್ಟರರ ಬಳಿ ಓಡುತ್ತೇವೆ. ಆದರೆ ಯಾವ ಕಾಯಿಲೆಯೂ ಇಲ್ಲದ ಮಗು ನೀರಿಗೆ ಬಿದ್ದು ಸತ್ತರೆ ‘ವಿಧಿ’ ಎಂದು ಸುಮ್ಮನಾಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷ ತುಂಬದ ಮಕ್ಕಳು.

ಈ ಸಾವಿಗೂ ಒಂದು ಹೊತ್ತು, ಒಂದು ಜಾಗ ಇದೆ. ಮನೆಯ ಹಿಂದೆಯೇ ಕೆರೆಗಳಿರುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಲೆಕ್ಕ ಹಾಕಿ ನೋಡಿದಾಗ, ಹೆಚ್ಚಿನ ಪುಟ್ಟ ಮಕ್ಕಳು ಮುಳುಗಿದ್ದು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರೊಳಗೆ, ಮನೆಯ ಪಕ್ಕದಲ್ಲೇ. ತಾಯಿ ಅಡುಗೆ, ಬಟ್ಟೆ, ಪಾತ್ರೆಗಳ ನಡುವೆ ಇರುವ ಹೊತ್ತದು. ಅವಳನ್ನು ದೂರುವವರು ನೆನಪಿಡಲಿ, ಅವಳಿಗಿರುವುದು ಎರಡೇ ಕೈ. ಅಲ್ಲಿ ಒಂದು ಸರಳ ಉಪಾಯ ಮಾಡಿದರು. ಆ ನಾಲ್ಕು ಗಂಟೆ ಊರಿನವಳೇ ಒಬ್ಬಾಕೆ ಇಪ್ಪತ್ತು-ಇಪ್ಪತ್ತೈದು ಮಕ್ಕಳನ್ನು ಒಂದೆಡೆ ನೋಡಿಕೊಳ್ಳುವುದು. ‘ಆಂಚಲ್’ ಎಂಬ ಈ ಕೇಂದ್ರಗಳಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ಸುಮಾರು ಶೇ. 80ರಷ್ಟು ತಗ್ಗಿತು. ಅಕ್ಕಪಕ್ಕದ ಮನೆಯವರು ಸೇರಿದರೆ ನಮ್ಮಲ್ಲೂ ಆಗದ ಕೆಲಸವೇನಲ್ಲ.

ನಮ್ಮ ಕರಾವಳಿಯಲ್ಲಿ ಬಾವಿಗೆ ಕಟ್ಟೆ ಇದ್ದರೂ ತೋಟದ ಕೆರೆಗೆ ಬೇಲಿ ಇರುವುದು ಕಡಿಮೆ. ಬಚ್ಚಲಿನ ಬಕೆಟಿನಲ್ಲಿ ಗೇಣು ನೀರಿದ್ದರೂ ಸಾಕು. ಪುಟ್ಟ ಮಕ್ಕಳಿಗೆ ತಲೆಯೇ ಭಾರ, ಬಗ್ಗಿದರೆ ತಲೆಕೆಳಗಾಗಿ ಬೀಳುತ್ತವೆ, ಕೂಗಲೂ ಆಗುವುದಿಲ್ಲ. ಮಳೆಗಾಲದಲ್ಲಿ ತುಂಬುವ ಕೆಂಪುಕಲ್ಲಿನ ಕೋರೆಗಳಿಗೆ ಇಳಿಯುವವರು ದೊಡ್ಡ ಹುಡುಗರು. ಅಲ್ಲಿ ಒಬ್ಬನನ್ನು ಎತ್ತಲು ಹೋಗಿ ಇನ್ನೊಬ್ಬನೂ ಹೋಗುತ್ತಾನೆ. ಹಗ್ಗ, ಕೋಲು, ದುಪಟ್ಟಾ ಏನಾದರೂ ಎಸೆಯಬೇಕು, ಈಜು ಬಾರದವರು ಹಾರಬಾರದು ಎಂದು ಮಕ್ಕಳಿಗೆ ಹೇಳಿಕೊಡಿ. ಈಜನ್ನು ಹೆಣ್ಣುಮಕ್ಕಳಿಗೂ ಕಲಿಸಿ.

ಮೇಲೆತ್ತಿದ ಮಗುವನ್ನು ಕಾಲು ಹಿಡಿದು ತಿರುಗಿಸುವುದು, ಹೊಟ್ಟೆ ಅದುಮುವುದು ಬೇಡ, ಅದರಲ್ಲಿ ಸಮಯ ಹಾಳು. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಯಿಂದ ಉಸಿರು ಊದಿ, ಎದೆ ಒತ್ತಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದು ಓದಿ ಬರುವ ವಿದ್ಯೆಯಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ, ಒಮ್ಮೆ ಕೈಯಾರೆ ಮಾಡಿ ಕಲಿಯಿರಿ.