ಛದ್ಮವೇಷದ ಕರ್ನಾಟಕ

"ಅಪ್ಪಾ, ಕಿತ್ತೂರು ಎಲ್ಲಿದೆ?"

ಮಗಳು ಹೀಗೆ ಕೇಳಿದಾಗ ನಾನು ಅವಳ ಸೊಂಟಕ್ಕೆ ಪ್ಲಾಸ್ಟಿಕ್ ಕತ್ತಿ ಕಟ್ಟುತ್ತಿದ್ದೆ. ನಾಲ್ಕನೇ ಕ್ಲಾಸು. ಸ್ಕೂಲಲ್ಲಿ ರಾಜ್ಯೋತ್ಸವ, ಇವಳು ರಾಣಿ ಚೆನ್ನಮ್ಮ. ಬಾಡಿಗೆ ಸೀರೆ, ಬಾಡಿಗೆ ಕಿರೀಟ. "ನಿಮ್ಮ ಮಿಸ್ಸನ್ನ ಕೇಳ್ಲಿಲ್ವಾ?" ಅಂದೆ. "ಕೇಳ್ದೆ. ಅದೆಲ್ಲ ಎಕ್ಸಾಮಿಗೆ ಬರಲ್ಲ, ಡೈಲಾಗ್ ಕಲ್ತ್ಕೋ ಅಂದ್ರು."

ಧಾರವಾಡದಿಂದ ಬೆಳಗಾವಿಗೆ ಹೋಗೋ ಹೆದ್ದಾರಿಯಲ್ಲೇ ಕಿತ್ತೂರಿದೆ. ಬೆಳಗಾವಿ ಮೇಲೆ ಗೋವಾಕ್ಕೆ ಕಾರು ಓಡಿಸಿದ ನಾವೆಲ್ಲ ಅದರ ಪಕ್ಕದಲ್ಲೇ ನೂರರ ಸ್ಪೀಡಲ್ಲಿ ದಾಟಿದ್ದೇವೆ. 1824ರ ಅಕ್ಟೋಬರಿನಲ್ಲಿ ಕಂಪನಿ ಸರ್ಕಾರದ ಕಲೆಕ್ಟರ್ ಥ್ಯಾಕರೆ ಸತ್ತಿದ್ದು ಆ ಕೋಟೆಯ ಮುಂದೆ. ನನಗೂ ಇದು ತಕ್ಷಣ ಬಾಯಿಗೆ ಬರಲಿಲ್ಲ ಅನ್ನೋದನ್ನ ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ನಮ್ಮ ಮಕ್ಕಳಿಗೆ ಕರ್ನಾಟಕ ಅಂದರೆ ವರ್ಷಕ್ಕೊಂದು ದಿನ ಹಾಕಿ ಬಿಚ್ಚಿಡೋ ವೇಷ. ಇಲ್ಲಾಂದ್ರೆ ಒಂದು ಪಟ್ಟಿ: 31 ಜಿಲ್ಲೆ, 8 ಜ್ಞಾನಪೀಠ, ರಾಜ್ಯಪಕ್ಷಿ ನೀಲಕಂಠ. ಆ ನೀಲಕಂಠವನ್ನು ಒಂದು ಸಲವಾದರೂ ತಂತಿ ಮೇಲೆ ಕೂತದ್ದು ನೋಡಿದ್ದೀಯಾ ಅಂತ ಯಾರೂ ಕೇಳಲ್ಲ. ಸಿಬಿಎಸ್‌ಇ ಪುಸ್ತಕ ಇಡೀ ದೇಶಕ್ಕೆ ಬರೆದದ್ದು, ಅದರಲ್ಲಿ ನಮ್ಮ ಪಾಲು ಅಲ್ಲೊಂದು ಪುಟ ಇಲ್ಲೊಂದು ಪುಟ. ಅದನ್ನು ಬೈದು ಪ್ರಯೋಜನ ಇಲ್ಲ. ಆದರೆ ಊರಿನ ಪಾಠ ಹೇಳೋಕೆ ಊರಲ್ಲೇ ಇರೋ ಸ್ಕೂಲಿಗೆ ಏನು ಕಷ್ಟ? 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಅಕ್ಷರ ಕಲಿಸೋದು ಕಡ್ಡಾಯವಾಯಿತು, ಸರಿ. ಆ ಅಕ್ಷರದಲ್ಲಿ ಓದೋಕೆ ನಾವು ಕೊಟ್ಟಿದ್ದೇನು? ಬೆಂದಕಾಳೂರಿನ ಅಜ್ಜಿ ಕತೆ.

ಆ ಕತೆಯನ್ನೇ ತಗೊಳ್ಳಿ. ಹೊಯ್ಸಳ ವೀರಬಲ್ಲಾಳ ದಾರಿ ತಪ್ಪಿದ, ಅಜ್ಜಿ ಬೆಂದ ಕಾಳು ಕೊಟ್ಟಳು, ಊರಿಗೆ ಹೆಸರು ಬಂತು. ಈಗಲೂ ಇದನ್ನೇ ಇತಿಹಾಸ ಅಂತ ಹೇಳಿಕೊಡುತ್ತಾರೆ. ಬಲ್ಲಾಳ ಹುಟ್ಟೋದಕ್ಕೂ ಇನ್ನೂರು ವರ್ಷಕ್ಕಿಂತ ಮುಂಚೆ, ಗಂಗರ ಕಾಲದಲ್ಲಿ, ಬೆಂಗಳೂರಿನ ಕಾಳಗದಲ್ಲಿ ಸತ್ತ ಒಬ್ಬನ ನೆನಪಿಗೆ ಕಲ್ಲು ಹಾಕಿಸಿ, ಅದರ ಮೇಲೆ ಊರಿನ ಹೆಸರು ಬರೆಸಿದ್ದಾರೆ. ಆ ಕಲ್ಲು ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿದೆ. ಹೊಸೂರು ರಸ್ತೆಯಿಂದ ಕೆಲವೇ ಕಿಲೋಮೀಟರ್. ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿ ಬರೋ ನಾವು ಎಷ್ಟು ಜನ ಅಲ್ಲಿ ಗಾಡಿ ತಿರುಗಿಸಿದ್ದೀವಿ? ಅಜ್ಜಿ ಕತೆ ಹೇಳಲಿ, ಬೇಡ ಅನ್ನಲ್ಲ. ಕತೆ ಹೇಳಿ, ಆಮೇಲೆ ಕಲ್ಲು ತೋರಿಸಿ, ಯಾವುದನ್ನು ನಂಬ್ತೀಯಾ, ಯಾಕೆ ಅಂತ ಕೇಳಿದ್ದರೆ ಅದೇ ಒಂದು ಒಳ್ಳೆ ಇತಿಹಾಸದ ಪೀರಿಯಡ್ ಆಗ್ತಿತ್ತು.

ಭೂಗೋಳಕ್ಕಂತೂ ಬಸ್ಸೂ ಬೇಡ, ಅಡುಗೆಮನೆ ಸಾಕು. ಒಂದು ಪಾತ್ರೆ ಸಾರು. ನೀರು ಎಲ್ಲಿಂದ? ನೂರು ಕಿಲೋಮೀಟರ್ ಆಚೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಕಾವೇರಿ ತಾನಾಗೇ ಹರಿದು ನಮ್ಮ ನಲ್ಲಿಗೆ ಬರಲ್ಲ. ನಾವಿರೋದು ಎತ್ತರದಲ್ಲಿ, ನದಿ ಕೆಳಗೆ. ಸುಮಾರು ಐನೂರು ಮೀಟರ್ ಮೇಲಕ್ಕೆ, ಮೂರು ಹಂತದಲ್ಲಿ ಪಂಪ್ ಮಾಡಿ ಎತ್ತಬೇಕು. ಎತ್ತೋಕೆ ಕರೆಂಟು ಬೇಕು. ಕರೆಂಟಿನ ಜಾಡು ಹಿಡಿದರೆ ಶರಾವತಿ ಸಿಗುತ್ತೆ, ಲಿಂಗನಮಕ್ಕಿಯ ಹಿನ್ನೀರಲ್ಲಿ ಮುಳುಗಿದ ಊರುಗಳು ಸಿಗುತ್ತವೆ, ಕತ್ತಲಾಗಿ ಉಳಿದ ಅಲ್ಲಿನ ಮನೆಗಳ ಮಾತು ಬರುತ್ತೆ. ಬೇಳೆ ಕಲಬುರಗಿಯದು. ಮೆಣಸಿನಕಾಯಿ ಬ್ಯಾಡಗಿಯದು. ಇನ್ನು ಪಾತ್ರೆ ತೊಳೆದ ನೀರು? ಬೆಂಗಳೂರು ಕೂತಿರೋದು ದಿಣ್ಣೆಯ ಮೇಲೆ. ಬಸವನಗುಡಿ ಕಡೆಯದು ವೃಷಭಾವತಿ ಸೇರಿ, ಅರ್ಕಾವತಿ ಸೇರಿ, ಮತ್ತೆ ಕಾವೇರಿಗೇ ಹೋಗುತ್ತೆ. ಕೋರಮಂಗಲದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ನಿಮ್ಮ ಸಿಂಕಿನ ನೀರು ಯಾವ ಕಡೆಯದು ಅಂತ ಮಗುವಿಗೆ ಒಂದು ವಾರ ಹುಡುಕೋಕೆ ಬಿಡಿ.

ನನ್ನ ಸಿಟ್ಟಿರೋದು ಇಲ್ಲೇ. ಇದು ಹೆಮ್ಮೆ ಅಭಿಮಾನದ ಪ್ರಶ್ನೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು ಸಾಲದ ಪ್ರಶ್ನೆ. ಉತ್ತರ ಕರ್ನಾಟಕ ಅಂದ್ರೆ ಜೋಳದ ರೊಟ್ಟಿ ಖಾನಾವಳಿ, ಮಲೆನಾಡು ಅಂದ್ರೆ ಹೋಂಸ್ಟೇ, ಮಂಡ್ಯ ಅಂದ್ರೆ ಸಿನಿಮಾದ ಡೈಲಾಗು ಅಂತ ಬೆಳೆದ ಹುಡುಗ ನಾಳೆ ಇಲ್ಲೇ ಇಂಜಿನಿಯರೋ ಐಎಎಸ್ಸೋ ಆಗ್ತಾನೆ. ಯಾರ ಊರು ಮುಳುಗಿಸಬೇಕು, ಯಾರ ನದಿ ತಿರುಗಿಸಬೇಕು ಅಂತ ಸಹಿ ಹಾಕೋನು ಅವನೇ.

"ನಾವು ಕನ್ನಡದವರಲ್ಲ, ಟ್ರಾನ್ಸ್‌ಫರ್ ಆಗಿ ಬಂದವರು" ಅಂತ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಹೇಳಿದರು. ಇರಲಿ ಸ್ವಾಮಿ. ಲಖನೌದಿಂದ ಬಂದ ಮಗುವೂ ಕುಡಿಯೋದು ಅದೇ ತೊರೆಕಾಡನಹಳ್ಳಿ ನೀರು. ಅದಕ್ಕೆ ಗೊತ್ತಿರಬಾರದಾ? ಇನ್ನು ನಮ್ಮ ನವೆಂಬರ್ ಕನ್ನಡಿಗರು. ಕಾರಿಗೆ ಬಾವುಟ ಕಟ್ಟೋದರಲ್ಲಿ ಎತ್ತಿದ ಕೈ. ಬೀದರ್ ನೋಡಿದ್ದೀರಾ ಅಂದ್ರೆ "ಅಲ್ಲೇನಿದೆ?" ಅಂತಾರೆ. ಬಹಮನಿಗಳ ರಾಜಧಾನಿ ಇದೆ, ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇದೆ, ಬಿದ್ರಿ ಕೆಲಸದವರಿದ್ದಾರೆ. ಸಾಕಲ್ವಾ?

ಈ ವರ್ಷದ ಸ್ಕೂಲ್ ಟ್ರಿಪ್ಪಿನ ಫಾರ್ಮ್ ಬಂತು. ಊರಾಚೆಯ ವಾಟರ್ ಪಾರ್ಕು, ಕಳೆದ ವರ್ಷವೂ ಅದೇ. ನಾನು ಸಹಿ ಹಾಕಲಿಲ್ಲ. ಅದೇ ಶನಿವಾರ ಮಗಳನ್ನು ಬೇಗೂರಿಗೆ ಕರ್ಕೊಂಡು ಹೋದೆ. ಹಳಗನ್ನಡದ ಅಕ್ಷರ ನನಗೂ ಓದೋಕೆ ಬರಲ್ಲ, ಅವಳಿಗೂ ಬರಲ್ಲ. "ಇದು ಕನ್ನಡಾನಾ?" ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತು ನೋಡಿ, "ಸತ್ತೋನಿಗೆ ಮಕ್ಕಳಿದ್ರಾ?" ಅಂತ ಕೇಳಿದಳು.

ರಾತ್ರಿ ಕ್ಲಾಸಿನ ಪೇರೆಂಟ್ಸ್ ಗ್ರೂಪಿನಲ್ಲಿ ಬರೆದೆ: ಮುಂದಿನ ಟ್ರಿಪ್ ಬೇಗೂರು, ಆಮೇಲೆ ಪರ್ಮಿಶನ್ ಸಿಕ್ಕರೆ ತೊರೆಕಾಡನಹಳ್ಳಿ ಪಂಪ್‌ಹೌಸ್, ಏನಂತೀರಿ? ಇಬ್ಬರು ಹೆಬ್ಬೆರಳು ಎತ್ತಿದರು. ಮೂರನೆಯವರು ಕೇಳಿದ್ದು ಒಂದೇ: "ಬಸ್ ಎಸಿ ತಾನೇ?"

ಎಸಿ ಬಸ್ಸೇ ಮಾಡಿಸೋಣ ಅಂತ ಉತ್ತರ ಹಾಕಿದ್ದೇನೆ.