ಚಹವೂ ಹುಳುಕು ಹಲ್ಲೂ

ಕಳೆದ ವರುಷ ಒಂದು ಸಂಜೆ ನೆರೆಮನೆಯ ರಾಯರು ನಮ್ಮ ಜಗಲಿಗೆ ಬಂದು, ಚಹಕ್ಕೆ ಹಲ್ಲಿನ ಕ್ರಿಮಿಗಳನ್ನು ಅಡಗಿಸುವ ಗುಣವುಂಟೆಂದು ತಾವು ಓದಿದುದನ್ನು ಉತ್ಸಾಹದಿಂದ ತಿಳಿಸಿದರು. ಚಹಪ್ರಿಯರಾದ ನಮಗೆ ಅದಕ್ಕಿಂತ ಹಿತವಾದ ಮಾತು ಬೇಕಿರಲಿಲ್ಲ. ಅಂದಿನಿಂದ ಆರು ವರುಷದ ಮೊಮ್ಮಗಳು ಮಲಗುವ ಮುನ್ನ ನಮ್ಮ ಲೋಟಕ್ಕೆ ಕೈಯೊಡ್ಡಿದಾಗಲೆಲ್ಲ, ಮನೆಯಾಕೆಯ ಆಕ್ಷೇಪಣೆಯನ್ನು ಲಕ್ಷಿಸದೆ, "ಕುಡಿಯಲಿ ಬಿಡು, ಹಲ್ಲಿಗೆ ಒಳ್ಳೆಯದಂತೆ" ಎನ್ನುತ್ತ ಬಂದೆವು. ಮೊನ್ನೆ ನಡುರಾತ್ರಿ ಮಗು ಕೆನ್ನೆ ಹಿಡಿದುಕೊಂಡು ಅಳುತ್ತ ಎದ್ದಿತು. ದಂತವೈದ್ಯರು ದವಡೆಯ ಹಲ್ಲುಗಳಲ್ಲಿ ಎರಡು ಕುಳಿಗಳನ್ನು ತೋರಿಸಿ, ರಾತ್ರಿ ಏನು ಕೊಡುತ್ತೀರಿ ಎಂದು ಕೇಳಿದರು. ನಾವು ತಲೆ ತಗ್ಗಿಸಬೇಕಾಯಿತು. ರಾಯರು ಓದಿದುದು ಸುಳ್ಳಲ್ಲ. ನಾವು ಅದರಲ್ಲಿ ಅರ್ಧವನ್ನು ಮಾತ್ರ ಗ್ರಹಿಸಿದ್ದೆವು. ಉಳಿದ ಅರ್ಧವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಹಲ್ಲಿಗೆ ಹುಳು ಹಿಡಿಯಿತೆಂದು ನಾವು ಆಡುವುದುಂಟಷ್ಟೆ. ಸುಶ್ರುತಸಂಹಿತೆಯಲ್ಲಿಯೂ ಈ ರೋಗಕ್ಕೆ ಕೃಮಿದಂತಕವೆಂದೇ ಹೆಸರು. ಆದರೆ ಕಣ್ಣಿಗೆ ಕಾಣುವ ಹುಳುವು ಅಲ್ಲಿಲ್ಲ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಆಹಾರದ ಸಿಹಿಯನ್ನು ಹುಳಿಯಾಗಿಸುವುವೆಂದೂ ಆ ಆಮ್ಲವೇ ಹಲ್ಲನ್ನು ಕರಗಿಸುವುದೆಂದೂ ಮಿಲ್ಲರ್ ಎಂಬ ದಂತಶಾಸ್ತ್ರಜ್ಞರು 1890ರಲ್ಲಿ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. 1924ರಲ್ಲಿ ಕ್ಲಾರ್ಕ್ ಎಂಬವರು ಹುಳುಕು ಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಜೀವಿಯನ್ನು ಬೇರ್ಪಡಿಸಿದರು. ಈ ಜೀವಿಯು ಸಕ್ಕರೆಯಿಂದ ಆಮ್ಲವನ್ನು ಮಾಡುವುದಲ್ಲದೆ, ಅದೇ ಸಕ್ಕರೆಯಿಂದ ಒಂದು ಬಗೆಯ ಅಂಟನ್ನೂ ತಯಾರಿಸಿಕೊಂಡು ಹಲ್ಲಿಗೆ ಬಲವಾಗಿ ಕಚ್ಚಿಕೊಳ್ಳುವುದು.

ಇನ್ನು ಚಹದ ಗುಣ. ಅದರ ಒಗರಿಗೆ ಮುಖ್ಯ ಕಾರಣ ಕ್ಯಾಟೆಚಿನ್ ಮೊದಲಾದ ದ್ರವ್ಯಗಳು. ಇವು ಆ ಜೀವಿಯ ಬೆಳೆವಣಿಗೆಯನ್ನು ಕುಗ್ಗಿಸುವುವೆಂದೂ ಅಂಟು ತಯಾರಾಗದಂತೆ ಅಡ್ಡಿಮಾಡುವುವೆಂದೂ ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಹಲ್ಲನ್ನು ಗಟ್ಟಿಗೊಳಿಸುವ ಫ್ಲೋರೈಡ್ ಕೂಡ ಚಹದ ಎಲೆಯಲ್ಲಿ ಸ್ವಭಾವತಃ ಉಂಟು. ಚರಕಸಂಹಿತೆಯು ಹಲ್ಲುಕಡ್ಡಿಗೆ ಒಗರು, ಖಾರ, ಕಹಿಗಳೆಂಬ ಮೂರು ರಸಗಳನ್ನು ವಿಧಿಸಿರುವುದನ್ನು ಇಲ್ಲಿ ನೆನೆಯಬಹುದು.

ಆದರೆ ಪ್ರಯೋಗಶಾಲೆಯ ಚಹ ಬೇರೆ, ನಮ್ಮ ಲೋಟದ ಚಹ ಬೇರೆ. ಅಲ್ಲಿ ಪರೀಕ್ಷಿಸಿದುದು ಎಲೆಯ ಸಾರವನ್ನು. ಇಲ್ಲಿ ನಾವು ಕುಡಿಯುವುದು ಹಾಲು ಬೆರಸಿ, ಎರಡು ಚಮಚ ಸಕ್ಕರೆ ಸುರಿದುದನ್ನು. ಹಾಲಿನ ಸಸಾರಜನಕವು ಒಗರಿನ ದ್ರವ್ಯಗಳನ್ನು ಹಿಡಿದುಕೊಳ್ಳುವುದು. ಸಕ್ಕರೆಯಂತೂ ಕ್ರಿಮಿಗೆ ಅಕ್ಕರೆಯ ಊಟ. ಬೆಲ್ಲ ಹಾಕಿದರೂ ಫಲ ಅದೇ. ಸಿಹಿ ತಾಕಿದ ಕೆಲವೇ ನಿಮಿಷಗಳಲ್ಲಿ ಬಾಯಿ ಹುಳಿಯಾಗತೊಡಗುವುದು. ಎಂಜಲು ಅದನ್ನು ಸರಿಪಡಿಸಲು ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಬೇಕು. ಗಳಿಗೆಗೊಂದು ಗುಟುಕು ಹೀರುವವರ ಹಲ್ಲಿಗೆ ಆ ವಿರಾಮವೇ ದೊರೆಯದು. ನಿದ್ರೆಯಲ್ಲಿ ಎಂಜಲು ಬಹಳ ಕಡಿಮೆಯಾಗುವುದರಿಂದ ಮಲಗುವ ಹೊತ್ತಿನ ಸಿಹಿಯು ಎಲ್ಲಕ್ಕಿಂತ ಕೆಡುಕು. ಒಂದು ಕೈಯಲ್ಲಿ ಔಷಧವನ್ನೂ ಇನ್ನೊಂದು ಕೈಯಲ್ಲಿ ಅಪಥ್ಯವನ್ನೂ ಕೊಟ್ಟಂತೆ ನಾವು ಮಗುವಿಗೆ ಮಾಡಿದೆವು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಚಹ ಬೇಕಾದ ದೊಡ್ಡವರು ಸಕ್ಕರೆಯಿಲ್ಲದೆ, ತಿಂಡಿಯ ಹೊತ್ತಿನಲ್ಲಿ ಕುಡಿದು, ಬಳಿಕ ನೀರಿನಿಂದ ಬಾಯಿ ಮುಕ್ಕಳಿಸಲಿ. ಮಕ್ಕಳಿಗೆ ಚಹದ ಅಭ್ಯಾಸವೇ ಬೇಡ. ದಿನಕ್ಕೆರಡು ಬಾರಿ ಫ್ಲೋರೈಡ್ ಉಳ್ಳ ಪೇಸ್ಟಿನಿಂದ ಹಲ್ಲುಜ್ಜಿ, ರಾತ್ರಿ ಉಜ್ಜಿದ ಮೇಲೆ ನೀರಲ್ಲದೆ ಬೇರೇನನ್ನೂ ಮುಟ್ಟಬಾರದು. ಒಮ್ಮೆ ಬಿದ್ದ ಕುಳಿಯನ್ನು ಯಾವ ಚಹವೂ ತುಂಬಲಾರದು; ವೈದ್ಯರ ಬಳಿಗೆ ಹೋಗಲೇಬೇಕು. ಹೇಗೂ ಬೀಳುವ ಹಾಲುಹಲ್ಲೆಂದು ಉಪೇಕ್ಷಿಸುವುದೂ ತರವಲ್ಲ. ಮುಂದೆ ಬರುವ ಹಲ್ಲಿಗೆ ಜಾಗ ಕಾದಿರಿಸುವುದು ಅದೇ.

ಈಗ ಮಗುವಿನ ನೋವು ಶಮನವಾಗಿದೆ. ರಾತ್ರಿ ಆಕೆ ಹಲ್ಲುಜ್ಜಿ ನೀರು ಕುಡಿಯುತ್ತಾಳೆ. ನಾವು ಪ್ರಾಯಶ್ಚಿತ್ತವಾಗಿ ಸಕ್ಕರೆಯನ್ನು ಬಿಟ್ಟಿದ್ದೇವೆ. ಮೊದಲ ವಾರ ಆ ಒಗರು ಗಂಟಲಿನಿಂದ ಇಳಿಯುವುದೇ ಕಷ್ಟವಾಗಿತ್ತು. ಮೊಮ್ಮಗಳು ಎದುರಿಗೆ ಕುಳಿತು, "ತಾತ, ಚೆನ್ನಾಗಿದೆಯೆ?" ಎಂದು ಕೇಳುವಳು. ಚೆನ್ನಾಗಿದೆಯೆಂದೇ ಉತ್ತರ ಕೊಡುತ್ತಿದ್ದೇವೆ. ಮೂಲೆಯಲ್ಲಿ ಮನೆಯಾಕೆ ಮಾತ್ರ ಏನೂ ಆಡದೆ ನಗುವಳು.