ಹೊಸ ಕನ್ಸೋಲ್‌ಗೆ ಕಾಲ ಕೂಡಿಬಂದಿಲ್ಲ

ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 3 ಬಂದದ್ದು 2006ರಲ್ಲಿ, 4 ಬಂದದ್ದು 2013ರಲ್ಲಿ, 5 ಬಂದದ್ದು 2020ರಲ್ಲಿ. ಏಳು ವರ್ಷಕ್ಕೊಂದು ಎಂಬ ಈ ಲೆಕ್ಕದ ಪ್ರಕಾರ ಮುಂದಿನದು 2027ರಲ್ಲಿ ಬರಬೇಕು. ಸೋನಿ ಮತ್ತು ಮೈಕ್ರೊಸಾಫ್ಟ್ ಎರಡೂ ಚಿಪ್ ತಯಾರಕ ಎಎಂಡಿ ಜೊತೆಗೂಡಿ ಮುಂದಿನ ಯಂತ್ರಗಳಿಗೆ ತಯಾರಿ ನಡೆಸಿರುವುದನ್ನು 2025ರಲ್ಲೇ ಬಹಿರಂಗಪಡಿಸಿವೆ. ಆದರೆ ಹೊಸ ತಲೆಮಾರಿನ ಮುಹೂರ್ತವನ್ನು ಕ್ಯಾಲೆಂಡರ್ ನೋಡಿ ಇಡಬಾರದು. ಈಗಿನ ಯಂತ್ರ ಅಗ್ಗವಾಗಿ ಸಾಮಾನ್ಯರ ಮನೆ ಸೇರಿದೆಯೇ? ಹೊಸ ಯಂತ್ರದಲ್ಲಿ ಮಾತ್ರ ಸಾಧ್ಯವಾಗುವ ಆಟಗಳು ಸಿದ್ಧವಿವೆಯೇ? ಈ ಎರಡಕ್ಕೂ ಸದ್ಯದ ಉತ್ತರ ‘ಇಲ್ಲ’.

ಮೊದಲು ಬೆಲೆಯ ಮಾತು. 2000ದಲ್ಲಿ ಅಮೆರಿಕದಲ್ಲಿ 299 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 2 ಎರಡೇ ವರ್ಷದಲ್ಲಿ 199ಕ್ಕೆ, 2009ರಲ್ಲಿ 99ಕ್ಕೆ ಇಳಿಯಿತು. ಅದು 16 ಕೋಟಿಯಷ್ಟು ಮಾರಾಟವಾಗಲು ಈ ಇಳಿಕೆಯೂ ದೊಡ್ಡ ಕಾರಣ. ಭಾರತದಂಥ ದೇಶಗಳಿಗೆ ದಕ್ಕಿದ್ದು ಅದರ ಈ ಇಳಿವಯಸ್ಸೇ. ಕಬಡ್ಡಿ, ಗಿಲ್ಲಿ ದಾಂಡುಗಳಿದ್ದ ‘ದೇಸಿ ಅಡ್ಡಾ’ ಆ ಯಂತ್ರಕ್ಕೆ ಬಂದದ್ದು 2009ರಲ್ಲಿ. ಈಗ ಗಾಳಿ ತಿರುಗಿದೆ. 499 ಡಾಲರ್‌ನ ಪ್ಲೇಸ್ಟೇಷನ್ 5, ಐದು ವರ್ಷ ತುಂಬುವ ಹೊತ್ತಿಗೆ 549 ಆಯಿತು. ಭಾರತದಲ್ಲಿ ₹49,990 ಇದ್ದದ್ದು 2022ರಲ್ಲೇ ₹54,990ಕ್ಕೆ ಏರಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ ಅವುಗಳ ದರವೂ ಗಗನಕ್ಕೇರಿದೆ. ಇಂಥ ಹೊತ್ತಿನಲ್ಲಿ ಹೆಚ್ಚು ಮೆಮೊರಿ ಬೇಡುವ ಹೊಸ ಯಂತ್ರ ತಂದರೆ ಅದು ಉಳ್ಳವರ ಸೊತ್ತಾಗಿಯೇ ಉಳಿಯುತ್ತದೆ.

ಎರಡನೆಯದು ಆಟಗಳ ಕೊರತೆ. ಅಮೆರಿಕದ ನ್ಯಾಯಾಲಯಕ್ಕೆ 2023ರಲ್ಲಿ ಸಲ್ಲಿಕೆಯಾದ ದಾಖಲೆಗಳ ಪ್ರಕಾರ, ‘ಹೊರೈಜನ್ ಫರ್ಬಿಡನ್ ವೆಸ್ಟ್’ ತಯಾರಿಗೆ ಐದು ವರ್ಷ ಹಿಡಿಯಿತು, ಖರ್ಚು 21.2 ಕೋಟಿ ಡಾಲರ್. ಇಷ್ಟು ಹಣ ಸುರಿದವರು ಹೊಸ ಯಂತ್ರದ ಗ್ರಾಹಕರನ್ನಷ್ಟೇ ನೆಚ್ಚಿಕೊಳ್ಳಲಾರರು. ಹಾಗಾಗಿಯೇ ಆ ಆಟವೂ ‘ಗಾಡ್ ಆಫ್ ವಾರ್ ರಾಗ್ನರಾಕ್’ ಕೂಡ 2022ರಲ್ಲಿ ಹಳೆಯ ಪ್ಲೇಸ್ಟೇಷನ್ 4ರಲ್ಲೂ ಬಿಡುಗಡೆಯಾದವು. ಒಂದು ದೊಡ್ಡ ಆಟಕ್ಕೆ ಐದು ವರ್ಷ ಬೇಕಾದರೆ, ಏಳು ವರ್ಷದ ತಲೆಮಾರಿನಲ್ಲಿ ಒಂದು ಸ್ಟುಡಿಯೊ ಯಂತ್ರದ ಪೂರ್ಣ ಶಕ್ತಿ ಬಳಸುವ ಎಷ್ಟು ಆಟ ಕೊಟ್ಟೀತು?

ಅವಸರ ಎಷ್ಟು ದುಬಾರಿ ಎಂಬುದಕ್ಕೆ ಉದ್ಯಮದ ಚರಿತ್ರೆಯೇ ಸಾಕ್ಷಿ. ಸೆಪ್ಟೆಂಬರ್‌ಗೆ ನಿಗದಿಯಾಗಿದ್ದ ‘ಸ್ಯಾಟರ್ನ್’ ಅನ್ನು ಸೆಗಾ 1995ರ ಮೇ ತಿಂಗಳಲ್ಲೇ ಅಮೆರಿಕದಲ್ಲಿ ದಿಢೀರನೆ ಇಳಿಸಿತು. ಆಟಗಳು ಬೆರಳೆಣಿಕೆಯಷ್ಟಿದ್ದವು, ಅನೇಕ ಅಂಗಡಿಗಳಿಗೆ ಸರಕೇ ಸಿಗಲಿಲ್ಲ. ಅಲ್ಲಿ ಕಳೆದುಕೊಂಡ ನೆಲೆ ಮರಳಿ ಸಿಗದೆ, 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯನ್ನೇ ಕೈಬಿಟ್ಟಿತು. ಸೋನಿಗಿಂತ ಒಂದು ವರ್ಷ ಮುಂಚೆ, 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಮುನ್ನಡೆ ಪಡೆದದ್ದು ನಿಜ. ಆದರೆ ಕೆಟ್ಟ ಯಂತ್ರಗಳ ದುರಸ್ತಿಗೆ ಮೈಕ್ರೊಸಾಫ್ಟ್ 2007ರಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ತೆಗೆದಿರಿಸಬೇಕಾಯಿತು. ಕೊನೆಗೆ ಪ್ಲೇಸ್ಟೇಷನ್ 3 ಅದರ ಸರಿಸಮಕ್ಕೆ ಬಂತು.

ತಡ ಮಾಡಿದರೂ ಪೆಟ್ಟು ಬೀಳುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು. ಎಚ್‌ಡಿ ಟಿವಿಗಳು ಮನೆಮನೆಗೆ ಬಂದಾಗ, ಎಚ್‌ಡಿ ಚಿತ್ರ ಕೊಡಲಾಗದ ನಿಂಟೆಂಡೊದ ‘ವೀ’ ಮಂಕಾಯಿತು. ‘ವೀ’ ಮಾರಾಟ 10 ಕೋಟಿ ದಾಟಿದ್ದರೆ, ತಡವಾಗಿ ಬಂದ ಅದರ ಉತ್ತರಾಧಿಕಾರಿ ‘ವೀ ಯು’ ಮಾರಾಟವಾದದ್ದು 1.35 ಕೋಟಿಯಷ್ಟೇ. ಆದರೆ ಅದೇ ಕಂಪನಿ ತನ್ನ ‘ಸ್ವಿಚ್’ ಅನ್ನು 2017ರಿಂದ ಎಂಟು ವರ್ಷ ಓಡಿಸಿ, 15 ಕೋಟಿಗೂ ಹೆಚ್ಚು ಮಾರಿ, ನಂತರವೇ 2025ರ ಜೂನ್‌ನಲ್ಲಿ ‘ಸ್ವಿಚ್ 2’ ತಂದಿತು. ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಹೆಚ್ಚು ಯಂತ್ರಗಳು ಖರ್ಚಾದವು. ಒಳ್ಳೆಯ ಆಟಗಳು ಬರುತ್ತಿರುವವರೆಗೆ ಗ್ರಾಹಕ ಕಾಯುತ್ತಾನೆ.

ಆದ್ದರಿಂದ ಸೋನಿ, ಮೈಕ್ರೊಸಾಫ್ಟ್ ಕನಿಷ್ಠ 2028ರವರೆಗಾದರೂ ತಾಳಬೇಕು. ಆ ಅವಧಿಯಲ್ಲಿ ಈಗಿನ ಯಂತ್ರದ ಬೆಲೆ ಇಳಿಸುವುದೇ ಅವುಗಳ ಮೊದಲ ಕೆಲಸವಾಗಲಿ. ಹೊಸ ಯಂತ್ರ ಬಂದಾಗ ಹಳೆಯ ಆಟಗಳೆಲ್ಲ ಅದರಲ್ಲಿ ಓಡುತ್ತವೆ ಎಂಬ ಖಾತರಿಯನ್ನೂ ಕೊಡಲಿ. ಪ್ರತಿಸ್ಪರ್ಧಿಗಿಂತ ಆರು ತಿಂಗಳು ಮೊದಲು ಅಂಗಡಿಗೆ ಬಂದೆವೆಂಬ ಹೆಗ್ಗಳಿಕೆಗಿಂತ, ದುಡಿದು ಕೂಡಿಟ್ಟ ಹಣ ತೆತ್ತ ಆಟಗಾರನ ವಿಶ್ವಾಸ ಬೆಲೆಬಾಳುತ್ತದೆ.